ಮಿಕ್ಕ ಊಟ ಹಸಿದವರ ತಟ್ಟೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಹಾರ ಪೋಲಾಗುವುದನ್ನು ತಡೆದು, ಅದನ್ನು ಹಸಿದವರಿಗೆ ತಲುಪಿಸುವ ಸಾಮಾಜಿಕ ಉದ್ಯಮ ಕಟ್ಟುವ ಬಗ್ಗೆ ಪ್ರಶ್ನೆ ಕೇಳಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ನಾವು ನಾಲ್ವರು ಗೆಳೆಯರು. ಸಮಾರಂಭಗಳಲ್ಲಿ ಮಿಕ್ಕುವ ಊಟ ತಂದು ಹಂಚುವ ಯೋಚನೆ ಇದೆ. ಮೊದಲು ಆ್ಯಪ್ ಮಾಡಿಸೋಣ ಎಂದು ಹಣ ಹೊಂದಿಸುತ್ತಿದ್ದೇವೆ. ಇದು ಸರಿಯಾದ ಆರಂಭವೇ?

ಅಲ್ಲ. ಆ್ಯಪ್‌ನ ಹಣ ಎತ್ತಿಡಿ. ಮೊದಲು ಬೇಕಾದದ್ದು ಉಣ್ಣುವವರ ಪಟ್ಟಿ. ಎಲ್ಲಿ ಎಷ್ಟು ಮಂದಿ ಇದ್ದಾರೆ, ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ತಂದ ಊಟವನ್ನು ಅಲ್ಲಿ ಯಾರು ಇಳಿಸಿಕೊಳ್ಳುತ್ತಾರೆ, ಬಿಸಿ ಮಾಡಲು ಒಲೆ ಇದೆಯೇ, ಫ್ರಿಜ್ ಇದೆಯೇ, ಯಾವುದನ್ನು ಅವರು ಮುಟ್ಟುವುದಿಲ್ಲ? ಈ ಆರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ನಾಲ್ಕು ಜಾಗ ಕೈಯಲ್ಲಿದ್ದರೆ ನಿಮ್ಮ ಉದ್ಯಮದ ಅರ್ಧ ಕೆಲಸ ಮುಗಿದಂತೆ.

ಹೆಚ್ಚಿನವರು ಮಿಕ್ಕ ಊಟದ ಕಡೆಯಿಂದ ಶುರು ಮಾಡುತ್ತಾರೆ. ತೊಂದರೆ ಅಲ್ಲೇ ಹುಟ್ಟುತ್ತದೆ. ಸಮಾರಂಭದ ಊಟ ಮಿಕ್ಕಿದೆ ಎಂದು ಗೊತ್ತಾಗುವುದು ರಾತ್ರಿ ಹತ್ತರ ಮೇಲೆ. ವೃದ್ಧಾಶ್ರಮದವರು ಎಂಟಕ್ಕೇ ಉಂಡು ಮಲಗಿರುತ್ತಾರೆ. ಒಂದು ದಿನ 200 ಜನರ ಊಟ ಬರುತ್ತದೆ, ಮುಂದಿನ ಹತ್ತು ದಿನ ಏನೂ ಇಲ್ಲ. ಹಸಿವು ಮಾತ್ರ ದಿನಾ ಹೊತ್ತಿಗೆ ಸರಿಯಾಗಿ ಬರುತ್ತದೆ. ಆದ್ದರಿಂದ ದಿನವೂ ಒಂದೇ ಹೊತ್ತಿಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮಿಗುವ ಕಡೆ ಮೊದಲು ಹೋಗಿ: ಕಾರ್ಖಾನೆ ಮತ್ತು ಕಚೇರಿಗಳ ಕ್ಯಾಂಟೀನು, ಹಾಸ್ಟೆಲ್ಲು, ಬೇಕರಿ, ಸಗಟು ತರಕಾರಿ ಮಾರುಕಟ್ಟೆ. ಸಮಾರಂಭಗಳು ಆಮೇಲೆ.

ಮೊದಲ ಎರಡು ತಿಂಗಳಿಗೆ ಎರಡು ಅಡುಗೆಮನೆ, ಎರಡು ಉಣ್ಣುವ ಜಾಗ, ಒಂದು ಗಾಡಿ, ಒಂದು ಫೋನು, ಒಂದು ದಾಖಲೆ ಪುಸ್ತಕ ಸಾಕು. ಫೋನಿನಲ್ಲಿ ನಿಭಾಯಿಸಲಾಗದಷ್ಟು ಕರೆ ಬರತೊಡಗಿದಾಗ ಆ್ಯಪ್ ಬಗ್ಗೆ ಯೋಚಿಸಿ. ಅಷ್ಟರಲ್ಲಿ ಅದರಲ್ಲಿ ಏನೇನು ಇರಬೇಕು ಎಂಬುದೂ ನಿಮಗೆ ತಿಳಿದಿರುತ್ತದೆ.

ಜಗತ್ತಿನಲ್ಲಿ ಪೋಲಾಗುವ ಆಹಾರವನ್ನೆಲ್ಲ ಹಂಚಿಬಿಟ್ಟರೆ ಹಸಿವೇ ಇರುವುದಿಲ್ಲ ಎನ್ನುತ್ತಾರೆ. ನಿಜವೇ?

ಲೆಕ್ಕದಲ್ಲಿ ನಿಜ, ನೆಲದ ಮೇಲೆ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ಸೇರಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಅದರಲ್ಲಿ ಸೇರಿದೆ. ಇದರಲ್ಲಿ 60% ಮನೆಗಳದ್ದು, 28% ಹೋಟೆಲು-ಕ್ಯಾಂಟೀನುಗಳದ್ದು, 12% ಅಂಗಡಿಗಳದ್ದು. ಕೊಯ್ಲಿನಿಂದ ಅಂಗಡಿ ತಲುಪುವ ಮೊದಲೇ ಸುಮಾರು 13% ಹಾಳಾಗುವುದು ಬೇರೆ.

ಮನೆಗಳ 60% ನಿಮ್ಮ ಗಾಡಿಗೆ ಸಿಗುವಂಥದ್ದಲ್ಲ. ಒಂದೊಂದು ಮನೆಯಲ್ಲಿ ಒಂದು ಬಟ್ಟಲು, ಅದೂ ಕೈ ಬಿದ್ದದ್ದು, ಯಾವಾಗ ಮಾಡಿದ್ದೋ ತಿಳಿಯದ್ದು. ಮನೆಗಳಲ್ಲಿ ಪೋಲು ತಗ್ಗಬೇಕಾದರೆ ಕೊಳ್ಳುವ, ಅಡುಗೆ ಮಾಡುವ ಅಭ್ಯಾಸವೇ ಬದಲಾಗಬೇಕು. ನಿಮ್ಮ ಕೆಲಸವಿರುವುದು ಉಳಿದ 40% ಮತ್ತು ಹೊಲ-ಮಾರುಕಟ್ಟೆಯ ನಡುವೆ ಹಾಳಾಗುವುದರಲ್ಲಿ.

ಇನ್ನು ಹಸಿವಿನ ಮಾತು. ಜನ ಹಸಿದಿರುವುದು ಬಹುಪಾಲು ಕೊಳ್ಳಲು ದುಡ್ಡಿಲ್ಲದ್ದಕ್ಕೆ, ಯುದ್ಧಕ್ಕೆ, ಬರಕ್ಕೆ. ಮಿಕ್ಕ ಊಟ ಇವತ್ತಿನ ಹೊತ್ತಿನ ಹಸಿವನ್ನು ನೀಗುತ್ತದೆ, ಕೂಲಿಯನ್ನು ಹೆಚ್ಚಿಸುವುದಿಲ್ಲ. ಹಾಗೆಂದು ಇದು ಸಣ್ಣ ಕೆಲಸವಲ್ಲ. ಊಟದ ಖರ್ಚು ಉಳಿದ ಆಶ್ರಮ ಆ ಹಣದಲ್ಲಿ ಔಷಧಿ ತರುತ್ತದೆ. ಆದರೆ ‘ಹಸಿವು ಅಳಿಸುತ್ತೇವೆ’ ಎಂದು ಫಲಕದಲ್ಲಿ ಬರೆಸಬೇಡಿ.

ಬೇಯಿಸಿದ ಊಟ ಎಷ್ಟು ಹೊತ್ತು ಸುರಕ್ಷಿತ? ಮೂಸಿ ನೋಡಿ, ಸ್ವಲ್ಪ ರುಚಿ ನೋಡಿ ತೆಗೆದುಕೊಂಡರೆ ಸಾಲದೇ?

ಸಾಲದು. ವಾಸನೆ ಬರುವಷ್ಟು ಹಳಸುವ ಎಷ್ಟೋ ಮೊದಲೇ ಊಟ ಅಪಾಯಕಾರಿ ಆಗಿರಬಹುದು. ಹಾಳಾಗಿಸುವ ಸೂಕ್ಷ್ಮಜೀವಿಗಳೇ ಬೇರೆ, ರೋಗ ತರುವವೇ ಬೇರೆ. ಎರಡನೆಯವು ಬಣ್ಣ, ವಾಸನೆ, ರುಚಿ ಯಾವುದನ್ನೂ ಕೆಡಿಸಬೇಕೆಂದಿಲ್ಲ.

ನೆನಪಿಡಬೇಕಾದ ಎರಡು ಅಂಕಿ: 5 ಮತ್ತು 60 ಡಿಗ್ರಿ ಸೆಲ್ಸಿಯಸ್. ಊಟ 60ಕ್ಕಿಂತ ಬಿಸಿ ಇರಬೇಕು, ಇಲ್ಲವೇ 5ಕ್ಕಿಂತ ತಣ್ಣಗಿರಬೇಕು. ನಡುವೆ ಇದ್ದಷ್ಟು ಹೊತ್ತು ಅಪಾಯ ಬೆಳೆಯುತ್ತಲೇ ಇರುತ್ತದೆ. ಒಂದು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾದರೆ 7 ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಬೇಯಿಸಿದ ಊಟವನ್ನು ಕೋಣೆಯ ಬಿಸಿಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಲ್ಲಿ ಬಹಳ ಜನ ಎಡವುತ್ತಾರೆ: ಆ 2 ಗಂಟೆ ಶುರುವಾಗುವುದು ನಿಮ್ಮ ಗಾಡಿ ಬಂದಾಗ ಅಲ್ಲ, ಒಲೆಯಿಂದ ಇಳಿದು 60ಕ್ಕಿಂತ ಕೆಳಗೆ ಹೋದಾಗ. ಬಡಿಸುವ ಮೇಜಿನ ಮೇಲೆ ಒಂದೂವರೆ ಗಂಟೆ ಕಳೆದಿದ್ದರೆ ನಿಮಗೆ ಉಳಿದಿರುವುದು ಅರ್ಧ ಗಂಟೆ, ಅದರಲ್ಲೇ ಉಣ್ಣುವವರ ಬಾಯಿಗೂ ಹೋಗಬೇಕು.

‘ಈಗಷ್ಟೇ ಇಳಿಸಿದ್ದು’ ಎಂಬ ಮಾತನ್ನು ಥರ್ಮಾಮೀಟರಿನಿಂದ ಕೇಳಿ. ಮುಳ್ಳಿನ ಡಿಜಿಟಲ್ ಥರ್ಮಾಮೀಟರನ್ನು ಸ್ಪಿರಿಟ್‌ನಿಂದ ಒರೆಸಿ, ಪಾತ್ರೆಯ ನಡುವಿಗೂ ಅಂಚಿಗೂ ಚುಚ್ಚಿ. ಮೇಲ್ಮೈ ಮುಟ್ಟಿ ನೋಡುವುದರಲ್ಲಿ ಅರ್ಥವಿಲ್ಲ. 60ಕ್ಕಿಂತ ಮೇಲಿದ್ದರೆ ತೆಗೆದುಕೊಳ್ಳಿ. 45 ತೋರಿಸಿದರೆ, ಯಾವಾಗ ಇಳಿಸಿದ್ದು ಎಂದು ಬರೆದಿಟ್ಟ ದಾಖಲೆ ಇದ್ದರೆ ಮಾತ್ರ ಮುಂದಿನ ಮಾತು. ದಾಖಲೆ ಇಲ್ಲದಿದ್ದರೆ ನಮಸ್ಕಾರ ಹೇಳಿ ಬನ್ನಿ. ಥರ್ಮಾಮೀಟರು ಸರಿ ಇದೆಯೇ ಎಂದು ವಾರಕ್ಕೊಮ್ಮೆ ನೋಡಿ: ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಕಲಸಿ, ಮುಳ್ಳನ್ನು ಅದರ ನಡುವೆ ಇಟ್ಟರೆ 0 ತೋರಿಸಬೇಕು. ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸರಿಪಡಿಸಿ, ಇಲ್ಲವೇ ಬದಲಿಸಿ.

ಮತ್ತೆ ಕುದಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸುವಾಗಲೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಕುದಿಸಿದರೂ ಹೋಗುವುದಿಲ್ಲ. ಬಡಿಸುವವರ ಕೈಯಿಂದ, ಮೂಗಿನಿಂದ ಬರುವ ಸ್ಟ್ಯಾಫಿಲೊಕಾಕಸ್‌ನ ವಿಷವೂ ಹಾಗೆಯೇ. ಬಿಸಿ ಮಾಡುವುದು ಸರಿಯಾಗಿ ಕಾಪಾಡಿದ ಊಟಕ್ಕೆ ಮಾತ್ರ: ನಡುಭಾಗ 75 ಡಿಗ್ರಿ ಮುಟ್ಟಬೇಕು, ಒಮ್ಮೆ ಮಾತ್ರ ಬಿಸಿ ಮಾಡಬೇಕು.

ಮರುದಿನಕ್ಕೆ ಇಡಬೇಕಾದರೆ ತಣಿಸುವ ಕ್ರಮ ಇದು: 60ರಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ 4 ಗಂಟೆಯೊಳಗೆ. ದೊಡ್ಡ ಹಂಡೆಯಲ್ಲಿ ಇದು ಆಗುವುದೇ ಇಲ್ಲ. ಹಂಡೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುವಿನ ಗಟ್ಟಿ ಸಾರು ಮಾರನೆಯ ದಿನವೂ ಬೆಚ್ಚಗಿರುತ್ತದೆ. ಗಾಳಿ ಇಲ್ಲದ ಆ ಬೆಚ್ಚಗಿನ ನಡುಭಾಗವೇ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದ ಜಾಗ. ಅಗಲವಾದ ಸ್ಟೀಲ್ ತಟ್ಟೆಗಳಲ್ಲಿ 5 ಸೆಂಟಿಮೀಟರಿಗಿಂತ ಹೆಚ್ಚು ಆಳವಿಲ್ಲದಂತೆ ಹರಡಿ, ಆ ತಟ್ಟೆಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡಿ. ಗಂಜಿ, ಸಾರಿನಂಥವನ್ನು ಶುಚಿಯಾದ ಸೌಟಿನಿಂದ ಆಗಾಗ ಕಲಕಿ.

ಬಿಸಿ ಊಟ ಸಾಗಿಸುವ ಶಾಖನಿರೋಧಕ ಪೆಟ್ಟಿಗೆಗೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ. ತಣ್ಣನೆಯ ಪೆಟ್ಟಿಗೆ ಊಟದ ಬಿಸಿಯನ್ನೇ ಹೀರುತ್ತದೆ. ಅರ್ಧ ಖಾಲಿ ಪೆಟ್ಟಿಗೆ ಬೇಗ ಆರುತ್ತದೆ, ಆದ್ದರಿಂದ ಬೇರೆ ಬೇರೆ ಅಳತೆಯ ಪೆಟ್ಟಿಗೆಗಳಿರಲಿ. ಬಿಸಿ ಮತ್ತು ತಣ್ಣನೆಯ ಪದಾರ್ಥ ಒಂದೇ ಪೆಟ್ಟಿಗೆಯಲ್ಲಿ ಬೇಡ.

ತೆಗೆದುಕೊಳ್ಳಲೇಬಾರದವು: ತಟ್ಟೆಗೆ ಬಡಿಸಿದ್ದು, ಜನ ತಾವೇ ಹಾಕಿಕೊಂಡ ಬೋಗುಣಿಯಲ್ಲಿ ಉಳಿದದ್ದು, ಹೊರಗಿಟ್ಟ ಹೆಚ್ಚಿದ ಹಣ್ಣು ಮತ್ತು ಹಸಿ ತರಕಾರಿ, ಕೆನೆ ಅಥವಾ ಹಸಿ ಮೊಟ್ಟೆ ಹಾಕಿದ ತಿನಿಸು, ಫ್ರಿಜ್ಜಿನಲ್ಲಿ ಇಡದ ಮೀನು-ಮಾಂಸ.

ದಾಖಲೆಯಲ್ಲಿ ಏನೇನು ಬರೆಯಬೇಕು?

ಒಂದು ಸಾಲಿನಲ್ಲಿ ಇಷ್ಟು: ಪದಾರ್ಥ, ತೂಕ, ಒಲೆಯಿಂದ ಇಳಿಸಿದ ಹೊತ್ತು, ಎತ್ತಿಕೊಂಡಾಗಿನ ಹೊತ್ತು ಮತ್ತು ಬಿಸಿ, ಇಳಿಸಿದಾಗಿನ ಹೊತ್ತು ಮತ್ತು ಬಿಸಿ, ಒಪ್ಪಿಸಿಕೊಂಡವರ ಸಹಿ. ಶೇಂಗಾ, ಹಾಲು, ಗೋಧಿ, ಮೊಟ್ಟೆ, ಸೋಯಾ, ಎಳ್ಳು, ಮೀನು ಇವುಗಳಲ್ಲಿ ಯಾವುದಾದರೂ ಇದ್ದರೆ ಪೆಟ್ಟಿಗೆಯ ಮೇಲೂ ಬರೆಯಿರಿ, ಅಲರ್ಜಿ ಇರುವವರಿಗೆ ಅದು ಜೀವದ ಪ್ರಶ್ನೆ. ಪ್ರತಿ ಪದಾರ್ಥದ 200 ಗ್ರಾಂ ಮಾದರಿಯನ್ನು ಶುಚಿಯಾದ ಡಬ್ಬಿಯಲ್ಲಿ ದಿನಾಂಕ ಹಾಕಿ 72 ಗಂಟೆ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾರಣ ಹುಡುಕಲು ಅದು ಬೇಕಾಗುತ್ತದೆ.

ಉಚಿತವಾಗಿ ಹಂಚುವ ಕೆಲಸದಲ್ಲಿ ಆದಾಯ ಎಲ್ಲಿಂದ? ದೇಣಿಗೆ ಇಲ್ಲದೆ ನಡೆಯುವುದು ಸಾಧ್ಯವೇ?

ಪೂರ್ತಿ ದೇಣಿಗೆ ಇಲ್ಲದೆ ನಡೆಸುವುದು ಕಷ್ಟ, ಪೂರ್ತಿ ದೇಣಿಗೆಯ ಮೇಲೆ ನಡೆಸುವುದು ಅಪಾಯ. ಮೊದಲು ನಿಮ್ಮ ಖರ್ಚು ತಿಳಿಯಿರಿ. ಗಾಡಿ, ಇಂಧನ, ಚಾಲಕರ ಕೂಲಿ, ಪೆಟ್ಟಿಗೆ ತೊಳೆಯುವ ನೀರು ಮತ್ತು ಸೋಪು, ಫೋನು ಎಲ್ಲ ಸೇರಿ ಒಂದು ಸುತ್ತಿಗೆ 100 (ಯಾವ ನಾಣ್ಯದಲ್ಲಾದರೂ ಸರಿ) ಖರ್ಚು ಎಂದಿಟ್ಟುಕೊಳ್ಳಿ. ಅದೇ ಊಟವನ್ನು ಹೊಸದಾಗಿ ಬೇಯಿಸಲು ಕಿಲೋಗೆ 4 ತಗಲುವುದಾದರೆ, 25 ಕಿಲೋಗಿಂತ ಕಡಿಮೆ ಸಿಗುವ ಸುತ್ತು ನಷ್ಟದ್ದು. ಅಲ್ಲೇ ಅಕ್ಕಿ-ಬೇಳೆ ಕೊಂಡು ಬೇಯಿಸಿ ಕೊಟ್ಟಿದ್ದರೆ ಹೆಚ್ಚು ಜನ ಉಣ್ಣುತ್ತಿದ್ದರು. ತಂದದ್ದರಲ್ಲಿ ಹತ್ತನೇ ಒಂದು ಪಾಲು ತಿನ್ನಲು ಬಾರದಿದ್ದರೆ ಆ 25 ಕಿಲೋ 28ಕ್ಕೆ ಏರುತ್ತದೆ. ಈ ಕನಿಷ್ಠ ತೂಕವನ್ನು ಲೆಕ್ಕ ಹಾಕಿ ಗೋಡೆಗೆ ಅಂಟಿಸಿ, ಅದಕ್ಕಿಂತ ಕಡಿಮೆ ಇದ್ದರೆ ಬರುವುದಿಲ್ಲ ಎಂದು ಹೇಳುವ ಧೈರ್ಯ ಬೇಕು.

ಆದಾಯದ ದಾರಿಗಳು ಕೆಲವಿವೆ. ಅಡುಗೆಮನೆಗಳು ಕಸ ವಿಲೇವಾರಿಗೆ ಹೇಗೂ ಹಣ ಕೊಡುತ್ತವೆ, ಅದಕ್ಕಿಂತ ಕಡಿಮೆ ಶುಲ್ಕಕ್ಕೆ ನೀವು ಬಂದು ಎತ್ತಿಕೊಳ್ಳಬಹುದು. ಸದಸ್ಯರಿಗೆ ಬಹಳ ಕಡಿಮೆ ಬೆಲೆಗೆ ಮಾರುವ ಸಾಮಾಜಿಕ ಅಂಗಡಿ ಇಡಬಹುದು. ದಿನದ ಕೊನೆಗೆ ಮಿಕ್ಕದ್ದನ್ನು ಕಡಿಮೆ ದರಕ್ಕೆ ಮಾರಿಸಿ ಪಾಲು ಪಡೆಯುವ ಮಾದರಿ ಇದೆ. 2015ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ‘ಟೂ ಗುಡ್ ಟು ಗೋ’ ಆ್ಯಪ್ ಹೀಗೆ ಬೆಳೆದದ್ದು. ಆದರೆ ಅದು ಪೋಲು ತಡೆಯುತ್ತದೆಯೇ ಹೊರತು, ಫೋನೂ ದುಡ್ಡೂ ಇಲ್ಲದವರ ಹಸಿವಿಗೆ ನೇರವಾಗಿ ಒದಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎತ್ತಿಕೊಂಡ ಕಿಲೋಗೆ ಇಷ್ಟು ಎಂದು ಶುಲ್ಕ ಗೊತ್ತುಮಾಡಬೇಡಿ. ಆಗ ಅವರ ಅಡುಗೆಮನೆಯಲ್ಲಿ ಹೆಚ್ಚು ಮಿಕ್ಕಷ್ಟೂ ನಿಮಗೆ ಲಾಭ, ಪೋಲು ಕಡಿಮೆಯಾದರೆ ನಷ್ಟ. ಯಾವ ಕೆಡುಕನ್ನು ಅಳಿಸಲು ಹೊರಟಿರೋ ಅದರ ಮೇಲೇ ಉದ್ಯಮ ನಿಂತುಬಿಡುತ್ತದೆ. ತಿಂಗಳಿಗೆ ಇಂತಿಷ್ಟು ಎಂಬ ನಿಗದಿ ಶುಲ್ಕ, ಅದರ ಜೊತೆಗೆ ಅಡುಗೆಮನೆಯ ಪೋಲು ತಗ್ಗಿಸಿಕೊಡುವ ಸೇವೆ, ಉಳಿತಾಯದಲ್ಲಿ ಪಾಲು: ಈ ದಾರಿಯೇ ಪ್ರಾಮಾಣಿಕವಾದದ್ದು.

ನಾನು ದೊಡ್ಡ ಕ್ಯಾಂಟೀನ್ ನೋಡಿಕೊಳ್ಳುತ್ತೇನೆ. ಪೋಲು ತಗ್ಗಿಸಿಕೊಡುತ್ತೇವೆ ಎಂದು ಬರುವವರು ನಿಜವಾಗಿ ಏನು ಮಾಡಬೇಕು?

ಹದಿನಾಲ್ಕು ದಿನ ತೂಗಬೇಕು, ಅಷ್ಟೇ. ಮೂರು ಡ್ರಮ್ಮು, ಮೂರು ಬಣ್ಣ. ಒಂದಕ್ಕೆ ಹೆಚ್ಚುವಾಗ ಬಿದ್ದದ್ದು, ಒಂದಕ್ಕೆ ಬೇಯಿಸಿಯೂ ಬಡಿಸದೆ ಉಳಿದದ್ದು, ಒಂದಕ್ಕೆ ತಟ್ಟೆಯಲ್ಲಿ ಬಿಟ್ಟದ್ದು. ಪ್ರತಿ ಹೊತ್ತಿನ ಊಟದ ನಂತರ ತೂಗಿ, ಅವತ್ತು ಉಂಡವರ ಸಂಖ್ಯೆಯಿಂದ ಭಾಗಿಸಬೇಕು. 500 ಜನರ ಊಟದಲ್ಲಿ ತಟ್ಟೆಯಲ್ಲಿ ಬಿಟ್ಟದ್ದು 30 ಕಿಲೋ ಆದರೆ ತಲೆಗೆ 60 ಗ್ರಾಂ.

ಮೂರೂ ಡ್ರಮ್ಮಿಗೆ ಮದ್ದು ಬೇರೆ ಬೇರೆ. ಬಡಿಸದೆ ಉಳಿದದ್ದು ಹೆಚ್ಚಿದ್ದರೆ ತಲೆ ಎಣಿಕೆ ತಪ್ಪಿದೆ, ಇಲ್ಲವೇ ಕೊನೆಯ ಅರ್ಧ ಗಂಟೆಯಲ್ಲೂ ಪಾತ್ರೆ ತುಂಬಿ ಕಾಣಲಿ ಎಂದು ಬೇಯಿಸುತ್ತಿದ್ದೀರಿ. ಕೊನೆಯ ಹೊತ್ತಿಗೆ ಸಣ್ಣ ಪಾತ್ರೆಗೆ ಬದಲಿಸಿ, ಸ್ವಲ್ಪ ಸ್ವಲ್ಪವೇ ಬೇಯಿಸಿ. ತಟ್ಟೆಯದ್ದು ಹೆಚ್ಚಿದ್ದರೆ ಸೌಟು ದೊಡ್ಡದಿದೆ, ಅಥವಾ ಪದಾರ್ಥ ರುಚಿಸುತ್ತಿಲ್ಲ. ಯಾವ ದಿನ ಯಾವ ಪದಾರ್ಥ ಡ್ರಮ್ಮಿಗೆ ಬಿತ್ತು ಎಂದು ನೋಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಹೆಚ್ಚುವಾಗ ಬಿದ್ದದ್ದು ಹೆಚ್ಚಿದ್ದರೆ ಚಾಕು ಮೊಂಡಾಗಿದೆಯೇ, ತರಕಾರಿ ಬಾಡಿ ಬರುತ್ತಿದೆಯೇ ಎಂದು ನೋಡಿ.

ಅಡುಗೆಯವರನ್ನು ಬೈಯಲು ಈ ಲೆಕ್ಕ ಬಳಸಿದ ದಿನವೇ ಕೆಲಸ ಕೆಡುತ್ತದೆ. ಮರುದಿನದಿಂದ ಉಳಿದದ್ದು ಡ್ರಮ್ಮಿಗೆ ಬರದೆ ಮೋರಿಗೆ ಹೋಗುತ್ತದೆ.

ಊಟ ಕೊಡಲು ಹೋಟೆಲಿನವರು ಹೆದರುತ್ತಾರೆ. ‘ಯಾರಿಗಾದರೂ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎನ್ನುತ್ತಾರೆ.

ಆ ಹೆದರಿಕೆ ಸಹಜ. ಅದನ್ನು ಕಳೆಯಲೆಂದೇ ಕೆಲವು ದೇಶಗಳು ಕಾನೂನು ಮಾಡಿವೆ. ಅಮೆರಿಕದ 1996ರ ಬಿಲ್ ಎಮರ್ಸನ್ ಕಾಯ್ದೆ ಒಳ್ಳೆಯ ಮನಸ್ಸಿನಿಂದ ಲಾಭರಹಿತ ಸಂಸ್ಥೆಗೆ ಆಹಾರ ಕೊಟ್ಟವರನ್ನು ಹೊಣೆಯಿಂದ ಕಾಪಾಡುತ್ತದೆ. ತೀರಾ ನಿರ್ಲಕ್ಷ್ಯ ತೋರಿದವರಿಗೆ ಆ ರಕ್ಷಣೆ ಇಲ್ಲ. ಫ್ರಾನ್ಸ್ 2016ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಮಾಡುವುದನ್ನು ನಿಷೇಧಿಸಿ, ದಾನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು ಎಂದಿತು. ನೀವಿರುವಲ್ಲಿ ಆಹಾರ ಸುರಕ್ಷತಾ ನಿಯಮ ಏನು ಹೇಳುತ್ತದೆ, ನಿಮ್ಮ ಸಂಸ್ಥೆಗೆ ನೋಂದಣಿ ಬೇಕೇ ಎಂದು ಕೆಲಸ ಶುರುವಾಗುವ ಮೊದಲೇ ವಿಚಾರಿಸಿ.

ಜೊತೆಗೆ ಒಂದು ಪುಟದ ಒಪ್ಪಂದ ಇರಲಿ. ಎತ್ತಿಕೊಳ್ಳುವವರೆಗೆ ಯಾವ ಬಿಸಿಯಲ್ಲಿ ಇಡಬೇಕು, ಯಾರು ಬರೆದಿಡಬೇಕು, ಯಾವ ಗಳಿಗೆಯಿಂದ ಹೊಣೆ ನಿಮ್ಮದು, ನೀವು ಬೇಡ ಎನ್ನುವ ಹಕ್ಕು, ಇವಿಷ್ಟು ಸಾಕು. ನಿಜ ಹೇಳಬೇಕೆಂದರೆ ಹೋಟೆಲಿನವರ ಹೆದರಿಕೆ ಹೋಗುವುದು ಕಾಗದದಿಂದ ಅಲ್ಲ, ನಿಮ್ಮ ಕೈಯಲ್ಲಿನ ಥರ್ಮಾಮೀಟರು ನೋಡಿದಾಗ.

ಮಾರುಕಟ್ಟೆಯಲ್ಲಿ ಪೆಟ್ಟು ಬಿದ್ದ ಹಣ್ಣು, ಟೊಮೆಟೊ ರಾಶಿ ಬೀಳುತ್ತದೆ. ನಮ್ಮ ಸ್ವಸಹಾಯ ಗುಂಪು ಜ್ಯಾಮ್, ಸಾಸ್ ಮಾಡಿ ಮಾರಬಹುದೇ?

ಮಾಡಬಹುದು, ಮೂರು ವಿಷಯ ಗಟ್ಟಿ ಇದ್ದರೆ. ಮೊದಲನೆಯದು ಆರಿಸುವುದು. ಪೆಟ್ಟು ಬಿದ್ದದ್ದು, ವಕ್ರವಾದದ್ದು, ಅತಿ ಮಾಗಿದ್ದು ಆಗಬಹುದು. ಬೂಸ್ಟು ಹಿಡಿದದ್ದು ಆಗದು. ಕೊಳೆತ ಸೇಬಿನಲ್ಲಿ ಪ್ಯಾಟುಲಿನ್, ಬೂಸ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಮೇಲಿನ ಬೂಸ್ಟು ತೆಗೆದರೂ, ಬೇಯಿಸಿದರೂ ಅಫ್ಲಾಟಾಕ್ಸಿನ್ ಹೋಗುವುದಿಲ್ಲ.

ಎರಡನೆಯದು ಹುಳಿ. ಬಾಟಲಿಯಲ್ಲಿ ಮುಚ್ಚಿಟ್ಟ ಪದಾರ್ಥದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿರಲೇಬೇಕು. ಮೇಲಿದ್ದರೆ ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಟೊಮೆಟೊ ಈ ಗೆರೆಯ ಹತ್ತಿರವೇ ಇರುತ್ತದೆ, ಹೆಚ್ಚು ಮಾಗಿದಷ್ಟೂ ಹುಳಿ ಕಡಿಮೆ. ನಿಮಗೆ ಸಿಗುವುದು ಅತಿ ಮಾಗಿದ್ದೇ ಆದ್ದರಿಂದ ಸಿಟ್ರಿಕ್ ಆಮ್ಲವನ್ನೋ ವಿನಿಗರನ್ನೋ ಹಾಕಿ, ಪ್ರತಿ ಸಲ ಮಾಡಿದ್ದನ್ನೂ ಪಿಎಚ್ ಮೀಟರಿನಲ್ಲಿ ಅಳೆಯಿರಿ. ನಾಲಿಗೆಯನ್ನು ನಂಬಬೇಡಿ. ಜ್ಯಾಮಿನಲ್ಲಿ ಕರಗಿದ ಸಕ್ಕರೆಯ ಅಂಶ 65% ಮುಟ್ಟಬೇಕು, ಅದನ್ನು ತೋರಿಸುವ ರಿಫ್ರಾಕ್ಟೋಮೀಟರು ಕೈಯಲ್ಲಿ ಹಿಡಿಯುವಷ್ಟು ಸಣ್ಣದು.

ಮೂರನೆಯದು ಮಾರಾಟ, ಬಹಳ ಗುಂಪುಗಳು ಸೋಲುವುದು ಇಲ್ಲೇ. ಪೋಲು ತಡೆದ ಜ್ಯಾಮ್ ಎಂದು ಜನ ಒಮ್ಮೆ ಕೊಳ್ಳುತ್ತಾರೆ, ಎರಡನೇ ಸಲ ಕೊಳ್ಳುವುದು ರುಚಿಗೆ. ಹಣ್ಣು ದಿನಕ್ಕೊಂದು ಬಗೆ ಬರುವುದರಿಂದ ರುಚಿಯೂ ದಿನಕ್ಕೊಂದು ಬಗೆ ಆಗುತ್ತದೆ. ತಿರುಳು ಬೇಯಿಸಿ ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟು, ಹಲವು ದಿನದ್ದನ್ನು ಕೂಡಿಸಿ ಒಮ್ಮೆಲೇ ಮಾಡಿದರೆ ರುಚಿ ಸಮವಾಗಿ ಬರುತ್ತದೆ.

ಡಬ್ಬಿಯ ಮೇಲಿನ ದಿನಾಂಕ ದಾಟಿದ್ದನ್ನು ಹಂಚಬಹುದೇ?

‘ಯೂಸ್ ಬೈ’ ಎಂದಿದ್ದರೆ ಅದು ಸುರಕ್ಷತೆಯ ದಿನಾಂಕ, ದಾಟಿದ ಮೇಲೆ ಬೇಡ. ‘ಬೆಸ್ಟ್ ಬಿಫೋರ್’ ಗುಣಮಟ್ಟದ ದಿನಾಂಕ, ದಾಟಿದ ಮೇಲೂ ಬಿಸ್ಕತ್ತು, ಪಾಸ್ತಾದಂಥವು ತಿನ್ನಲು ಯೋಗ್ಯವಾಗಿರುತ್ತವೆ. ಆದರೆ ಹಂಚಲು ಅನುಮತಿ ಇದೆಯೇ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಬಗೆ, ಅದನ್ನು ವಿಚಾರಿಸಿಯೇ ಮುಂದುವರಿಯಿರಿ.

ಬರುವುದೆಲ್ಲ ಸಿಹಿತಿಂಡಿ, ಬ್ರೆಡ್ಡು. ವೃದ್ಧಾಶ್ರಮದವರು ಬೇಡ ಎನ್ನುತ್ತಾರೆ. ಸಿಕ್ಕಿದ್ದನ್ನು ತೆಗೆದುಕೊಳ್ಳಬಾರದೇ?

ಅವರು ಬೇಡ ಎಂದದ್ದು ಸರಿ. ಹಸಿದವರಿಗೆ ಆಯ್ಕೆ ಇರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಡೆದುಕೊಳ್ಳುವುದು ಹಾಗೆಯೇ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ದಿನವೂ ಸಿಹಿ ಇಳಿಸಿ ಬರುವುದು ಉಪಕಾರವಲ್ಲ, ಕಸದ ಜಾಗ ಬದಲಾಯಿಸುವುದು. ತಿಂಗಳಿಗೊಮ್ಮೆ ಉಣ್ಣುವವರನ್ನೇ ಕೇಳಿ: ಏನು ಉಳಿಯಿತು, ಏನು ಸಾಲದಾಯಿತು? ಸಿಹಿಗೆ ಮಿತಿ ಹಾಕಿ, ಬೇಳೆ, ಮೊಟ್ಟೆ, ತರಕಾರಿಯನ್ನು ದೇಣಿಗೆಯ ಹಣದಲ್ಲಿ ಕೊಂಡು ಸೇರಿಸಿ. ಊಟ ಹಿಡಿದವರ ಫೋಟೊ ತೆಗೆಯುವುದಂತೂ ಬೇಡವೇ ಬೇಡ, ದಾನಿಗಳಿಗೆ ತೋರಿಸಲು ತೂಕದ ಚೀಟಿ ಇದೆ.

ಎಷ್ಟು ಊಟ ಉಳಿಸಿದೆವು ಎಂದು ಲೆಕ್ಕ ಹಾಕುವುದು ಹೇಗೆ?

ಊಟದ ಸಂಖ್ಯೆಗಿಂತ ಕಿಲೋ ನಂಬಿಕೆಗೆ ಅರ್ಹ. ಬ್ರಿಟನ್ನಿನಲ್ಲಿ ಒಂದು ಊಟಕ್ಕೆ 420 ಗ್ರಾಂ ಎಂದು ಎಣಿಸುವುದು ರೂಢಿ, ಅಮೆರಿಕದಲ್ಲಿ 1.2 ಪೌಂಡ್, ಅಂದರೆ ಸುಮಾರು 544 ಗ್ರಾಂ. ಒಂದೇ ಒಂದು ಟನ್ ಆಹಾರ ಮೊದಲ ಲೆಕ್ಕದಲ್ಲಿ ಸುಮಾರು 2,380 ಊಟ, ಎರಡನೆಯದರಲ್ಲಿ ಸುಮಾರು 1,840. ವರದಿಯಲ್ಲಿ ಯಾವ ಅಳತೆ ಬಳಸಿದಿರಿ ಎಂದು ಬರೆಯಿರಿ. ತಂದ ತೂಕ, ಹಂಚಿದ ತೂಕ, ಎಸೆದ ತೂಕ ಮೂರನ್ನೂ ಕೊಡಿ. ಎಸೆದದ್ದು ಸೊನ್ನೆ ಎಂದು ಬರೆದ ವರದಿ ಕಂಡರೆ, ಕೆಟ್ಟದ್ದನ್ನೂ ಹಂಚಿದ್ದಾರೆಯೇ ಎಂಬ ಅನುಮಾನ ಬರುತ್ತದೆ.

ಹಂಚಲು ಬಾರದೆ ಉಳಿದದ್ದನ್ನು ಏನು ಮಾಡುವುದು? ಹಂದಿ ಸಾಕುವವರು ಕೇಳುತ್ತಿದ್ದಾರೆ.

ಹಸಿ ಸೊಪ್ಪು, ತರಕಾರಿ ಸಿಪ್ಪೆಯನ್ನು ದನಕರುಗಳಿಗೆ ಕೊಡಬಹುದು. ಅಡುಗೆಮನೆಯ ಎಂಜಲನ್ನು, ಅದರಲ್ಲೂ ಮಾಂಸ ಸೋಕಿದ್ದನ್ನು, ಹಾಗೇ ಹಂದಿಗೆ ಹಾಕುವುದು ಅಪಾಯ. 2001ರಲ್ಲಿ ಬ್ರಿಟನ್ನನ್ನು ನಡುಗಿಸಿದ ಕಾಲುಬಾಯಿ ಜ್ವರದ ಜಾಡು ಹಿಡಿದಾಗ ಸಿಕ್ಕದ್ದು ಸರಿಯಾಗಿ ಬೇಯಿಸದ ಎಂಜಲು ತಿನ್ನಿಸಿದ ಒಂದು ಹಂದಿ ಸಾಕಣೆ ಕೇಂದ್ರ. ಆ ವರ್ಷವೇ ಅಲ್ಲಿ ಎಂಜಲು ತಿನ್ನಿಸುವುದನ್ನು ನಿಷೇಧಿಸಿದರು.

ಉಳಿದದ್ದು ಜೈವಿಕ ಅನಿಲ ಘಟಕಕ್ಕೆ ಅಥವಾ ಗೊಬ್ಬರಕ್ಕೆ. ಗೊಬ್ಬರದ ರಾಶಿ ನಾತ ಬರುವುದು ಊಟದ ಪಾಲು ಹೆಚ್ಚಾಗಿ, ಒಣಗಿದ್ದು ಕಡಿಮೆಯಾದಾಗ. ಒಂದು ಬುಟ್ಟಿ ಊಟಕ್ಕೆ ಎರಡು ಬುಟ್ಟಿ ತರಗೆಲೆ ಅಥವಾ ಮರದ ಹೊಟ್ಟು ಹಾಕಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು, ಧಾರೆಯಾಗಿ ಸುರಿದರೆ ಇನ್ನಷ್ಟು ತರಗೆಲೆ ಬೇಕು. ರಾಶಿಯ ನಡುಭಾಗ ಸತತ ಮೂರು ದಿನವಾದರೂ 55 ಡಿಗ್ರಿಗಿಂತ ಮೇಲಿರಬೇಕು, ಆಮೇಲೆ ಅಂಚಿನದ್ದು ಒಳಗೆ ಬರುವಂತೆ ಮಗುಚಿ ಹಾಕಿ. ಇಲ್ಲಿಗೂ ಥರ್ಮಾಮೀಟರು ಬೇಕು, ಆದರೆ ಊಟಕ್ಕೆ ಚುಚ್ಚುವುದನ್ನೇ ತರಬೇಡಿ, ಬೇರೆಯದೇ ಇರಲಿ.